ಆ ಸಪ್ಲಿಮೆಂಟ್ ಪುಡಿ ಡಬ್ಬಿಗೆ ದುಡ್ಡು ಹಾಕುವ ಮೊದಲು ಇದನ್ನು ಓದಿ

ಕಲಬುರಗಿಯಿಂದ ಬೀದರ್‌ಗೆ ಸುಮಾರು 110 ಕಿಲೋಮೀಟರ್. ಮೊದಲ ಸಲ ಸೈಕಲ್ ಮೇಲೆ ಹೊರಟಾಗ ಬಾಟಲಿಯಲ್ಲಿ ಬಿಸಿಎಎ ಅನ್ನುವ ಅಮೈನೋ ಆಮ್ಲಗಳ (ಪ್ರೋಟೀನಿನ ತುಣುಕುಗಳ) ಪುಡಿ ಕದಡಿದ ನೀರಿತ್ತು. "ಇದಿದ್ರೆ ಸುಸ್ತೇ ಆಗಲ್ಲ" ಅಂತ ಅಂಗಡಿಯವರು ಹೇಳಿದ್ದರು. ನಂಬಿದ್ದೆ. ಹುಮನಾಬಾದ್ ಹತ್ತಿರ ಕೈ ನಡುಗಿತು, ಕಣ್ಣು ಮಂಜಾಯಿತು. ಬೇವಿನ ಮರದ ಕೆಳಗೆ ಕೂತುಬಿಟ್ಟೆ. ಲಾರಿ ಡ್ರೈವರ್ ಒಬ್ಬರು ಸಕ್ಕರೆ ಜಾಸ್ತಿ ಹಾಕಿಸಿ ಚಹಾ, ಜೊತೆಗೆ ಬಿಸ್ಕೆಟ್ ಕೊಡಿಸಿದರು. ಸ್ವಲ್ಪ ಹೊತ್ತಿಗೆ ಪೆಡಲ್ ತುಳಿಯುವ ಹಾಗಾಯಿತು.

ನನಗೆ ಕಡಿಮೆ ಬಿದ್ದಿದ್ದು ಸಕ್ಕರೆ. ಮೈಯಲ್ಲಿ ಕೂಡಿಟ್ಟ ಸಕ್ಕರೆ, ಅಂದರೆ ಗ್ಲೈಕೋಜನ್, ಜೋರಾಗಿ ತುಳಿದರೆ ಒಂದೂವರೆ-ಎರಡು ಗಂಟೆಗೆ ತಳ ಕಾಣುತ್ತದೆ. ಅದಕ್ಕೇ ಗಂಟೆಗೆ 30ರಿಂದ 60 ಗ್ರಾಂ ಕಾರ್ಬೋಹೈಡ್ರೇಟ್ (ಸಕ್ಕರೆ, ಪಿಷ್ಟ) ಹೊಟ್ಟೆಗೆ ಹೋಗಬೇಕು. ಎರಡೂವರೆ ಗಂಟೆ ದಾಟಿದರೆ, ರೂಢಿ ಇದ್ದವರು 90 ಗ್ರಾಂವರೆಗೂ ತಗೊಳ್ಳುತ್ತಾರೆ. ಅಷ್ಟಕ್ಕೆ ಗ್ಲೂಕೋಸ್ ಜೊತೆ ಫ್ರಕ್ಟೋಸ್ ಕೂಡ ಬೇಕು, ಕರುಳಿನಲ್ಲಿ ಎರಡಕ್ಕೂ ಬೇರೆ ದಾರಿ. ಬೆಲ್ಲ ತಿಂದರೆ ಎರಡೂ ಸಿಗುತ್ತವೆ! ಒಂದು ಸಾಧಾರಣ ಬಾಳೆಹಣ್ಣಿನಲ್ಲಿ 25 ಗ್ರಾಂ ಆಸುಪಾಸು ಕಾರ್ಬೋಹೈಡ್ರೇಟ್ ಇರುತ್ತದೆ. ಹುಮನಾಬಾದ್ ರಸ್ತೆಯಲ್ಲೇ ಕಮಲಾಪುರ ಬರುತ್ತದೆ, ಅಲ್ಲಿನ ಕೆಂಪು ಬಾಳೆಗೆ ಆ ಊರಿನದ್ದೇ ಬೆಳೆ ಎಂಬ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಇದೆ. ಅದನ್ನು ದಾಟಿಕೊಂಡು ಹೋಗಿ ಪುಡಿ ಕುಡಿದಿದ್ದೆ ನಾನು. ಹಸಿವಾಗುವ ತನಕ ಕಾಯಬೇಡಿ, ಮೊದಲ ಗಂಟೆಯಿಂದಲೇ ತಿನ್ನಿ. ರೊಟ್ಟಿ, ಶೇಂಗಾ ಹಿಂಡಿ ಹಿಂದಿನ ರಾತ್ರಿಗೆ ಇರಲಿ, ಸವಾರಿ ನಡುವೆ ಬೇಗ ಕರಗುವುದಿಲ್ಲ.

ಉಪ್ಪಿನ ಮಾತು ಬೇರೆ. ನಮ್ಮ ಬೇಸಿಗೆ 40 ಡಿಗ್ರಿ ದಾಟುತ್ತದೆ, ಅಂಗಿ ಮೇಲೆ ಬಿಳಿ ಗೆರೆ ಮೂಡುತ್ತವಲ್ವಾ, ಅದೆಲ್ಲ ಉಪ್ಪು. ಗಂಟೆಗಟ್ಟಲೆ ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಜೀವಕ್ಕೇ ಅಪಾಯವಾಗಬಹುದು. ಉಪ್ಪು ಹಾಕಿದ ಮಜ್ಜಿಗೆ ಒಳ್ಳೆಯದು. ಓಆರ್‌ಎಸ್ ಕೂಡ. ಆದರೆ ಅದರ ಒಂದು ಲೀಟರ್‌ನಲ್ಲಿ ಗ್ಲೂಕೋಸ್ 13.5 ಗ್ರಾಂ ಮಾತ್ರ, ಹೊಟ್ಟೆಗೆ ಬೇರೆ ಏನಾದರೂ ಬೇಕೇ ಬೇಕು.

ಎಲ್ಲ ಸಪ್ಲಿಮೆಂಟೂ ಸುಳ್ಳು ಅಂತ ನಾನು ಹೇಳುವುದಿಲ್ಲ. ಕೆಫೀನ್ ಕೆಲಸ ಮಾಡುತ್ತದೆ, ದೇಹತೂಕದ ಕಿಲೋಗೆ 3 ಮಿಲಿಗ್ರಾಂ ಆಸುಪಾಸು ಸಾಕು. ಬೀಟ್‌ರೂಟ್ ರಸದ ನೈಟ್ರೇಟ್‌ನಿಂದ ಕೆಲವರಿಗೆ ಲಾಭ ಇದೆ. ಆದರೆ ರೇಸ್ ದಿನ ಹೊಸದೇನನ್ನೂ ಬಾಯಿಗೆ ಹಾಕಬೇಡಿ.

ನನಗೆ ನಿಜವಾದ ಸಂಕಟ ಹುಡುಗರದ್ದು. ವಿಜಯಪುರ, ಬಾಗಲಕೋಟೆಯ ಸೈಕ್ಲಿಸ್ಟ್‌ಗಳನ್ನು ನೋಡಿ ನಮ್ಮಲ್ಲೂ ಆಸೆ ಹುಟ್ಟಿದೆ. ಅಪ್ಪನ ವಾರದ ಕೂಲಿ ಒಂದು ಡಬ್ಬಿಗೆ ಹೋಗುತ್ತಿದೆ. ಲೇಬಲ್‌ನಲ್ಲಿ ಇಲ್ಲದ ನಿಷೇಧಿತ ಔಷಧ ಇಂಥ ಪುಡಿಗಳಲ್ಲಿ ಎಷ್ಟೋ ಸಲ ಸಿಕ್ಕಿದೆ. ಡೋಪ್ ಟೆಸ್ಟ್‌ನಲ್ಲಿ ಸಿಕ್ಕರೆ "ಗೊತ್ತಿರಲಿಲ್ಲ" ಎಂದರೂ ಹೊಣೆ ಆಟಗಾರನದ್ದೇ. ಮನೆಯಲ್ಲಿ ಇಂಥ ಹುಡುಗ, ಹುಡುಗಿ ಇದ್ದರೆ ಆ ದುಡ್ಡಿಗೆ ಒಳ್ಳೆಯ ಟೈರ್, ಹೆಲ್ಮೆಟ್ ಕೊಡಿಸಿ. ಜೇಬಿಗೆ ಬೆಲ್ಲ, ಬಾಳೆಹಣ್ಣು ಹಾಕಿ ಕಳಿಸಿ.