ಡಬ್ಬದ ಮೇಲಿನ ವೋಲ್ಟ್ ನೋಡಿ ಗರಗಸ ಕೊಳ್ಳಬೇಡಿ

ಊರಲ್ಲಿದ್ದಾಗ ಮರದ ಕೆಲಸ ಅಂದರೆ ಬಡಗಿಗೆ ಹೇಳಿ ಕಳಿಸುತ್ತಿದ್ದೆವು. ಹೊರನಾಡಿಗೆ ಬಂದ ಮೇಲೆ ಒಂದು ಹಲಗೆ ಕೊಯ್ಯಬೇಕಿದ್ದರೂ ನಾವೇ ಕೈ ಹಾಕಬೇಕು. ಹಾಗಾಗಿ ಇಲ್ಲಿ ಗೆಳೆಯರು ಸೇರಿದರೆ ಬ್ಯಾಟರಿ ಗರಗಸದ ಮಾತು ಬಂದೇ ಬರುತ್ತದೆ. ಮಾತೆಲ್ಲ ವೋಲ್ಟಿನದೇ. ನಿಮ್ಮದು 18 ಅಷ್ಟೇನಾ, ನಮ್ಮದು 20! ಬಡಗಿಗಳು ಹಾಗಲ್ಲ, ಗರಗಸ ಕೈಗೆತ್ತಿಕೊಂಡರೆ ಮೊದಲು ಹಲ್ಲು ನೋಡುತ್ತಾರೆ. ಅರ ಹಿಡಿದು ಒಂದೊಂದೇ ಹಲ್ಲು ಮಸೆದು, ಆಮೇಲೆ ಮರದ ಹತ್ತಿರ ಹೋಗುತ್ತಾರೆ. ಕಡಿಮೆ ದುಡ್ಡಿನಲ್ಲಿ ಗರಗಸ ಕೊಳ್ಳುವವರಿಗೆ ಬಡಗಿಯ ದಾರಿಯೇ ಸರಿ ಅಂತ ನನಗನಿಸುತ್ತದೆ.

ಡಬ್ಬದ ಮೇಲೆ 18 ಅಂತ ಇರಲಿ, '20 ಮ್ಯಾಕ್ಸ್' ಅಂತ ಇರಲಿ, ಎರಡೂ ಒಂದೇ ಬಗೆಯ ಬ್ಯಾಟರಿ. ಒಳಗೆ ಸಾಲಾಗಿ ಐದು ಲಿಥಿಯಂ ಸೆಲ್ ಇರುತ್ತವೆ. ಒಂದೊಂದೂ 3.6 ವೋಲ್ಟ್ ಅಂತ ಲೆಕ್ಕ ಹಾಕಿದರೆ 18. ಆಗ ತಾನೇ ಚಾರ್ಜ್ ಆಗಿ ಬಂದಾಗಿನ ವೋಲ್ಟ್ ಹಿಡಿದರೆ 20ರ ಮೇಲೆ. ಕೆಲಸ ಎಷ್ಟು ಹೊತ್ತು ನಡೆಯುತ್ತದೆ ಅನ್ನುವುದಕ್ಕೆ ಆಂಪಿಯರ್-ಅವರ್ (Ah), ಅಂದರೆ ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನುವ ಅಳತೆ ನೋಡಬೇಕು. 18 ವೋಲ್ಟಿನ 2 ಆಂಪಿಯರ್-ಅವರ್ ಬ್ಯಾಟರಿಯಲ್ಲಿ 36 ವ್ಯಾಟ್-ಅವರ್ ಶಕ್ತಿ ಇದ್ದರೆ, 4 ಆಂಪಿಯರ್-ಅವರ್‌ನದರಲ್ಲಿ 72. ಡ್ರಿಲ್ಲಿಗೆ 2 ಆಂಪಿಯರ್-ಅವರ್ ಸಾಕು. ಗರಗಸಕ್ಕೆ ಸಾಲದು.

ಇನ್ನು ಯಾವ ಗರಗಸ? ಹಲಗೆ, ಪ್ಲೈವುಡ್ ನೇರವಾಗಿ ಕೊಯ್ಯುವುದೇ ಜಾಸ್ತಿ ಅಂದರೆ ಸರ್ಕ್ಯುಲರ್ ಸಾ, ಅಂದರೆ ದುಂಡು ಬ್ಲೇಡ್ ತಿರುಗುವ ಗರಗಸ. 165 ಮಿಲಿಮೀಟರ್ ಬ್ಲೇಡಿನದು ಮನೆಗೆ ಧಾರಾಳ, 50 ಮಿಲಿಮೀಟರ್ ದಪ್ಪದವರೆಗೂ ಆರಾಮಾಗಿ ಇಳಿಯುತ್ತದೆ. ಬಾಗಿದ ಗೆರೆ, ಸಿಂಕಿನ ತೂತು ಇಂಥವಕ್ಕೆ ಜಿಗ್‌ಸಾ, ಸಣ್ಣ ಬ್ಲೇಡ್ ಮೇಲೆ ಕೆಳಗೆ ಆಡುವ ಗರಗಸ. ಅದರ ಸದ್ದಿಗೆ ಹೊಸಬರು ಅಷ್ಟು ಹೆದರುವುದೂ ಇಲ್ಲ. ಆದರೆ ದಪ್ಪ ಮರದಲ್ಲಿ ಅದರ ಬ್ಲೇಡ್ ಬಾಗುತ್ತದೆ, ಕೊಯ್ದ ಅಂಚು ಓರೆಯಾಗುತ್ತದೆ. ಕೊಂಬೆ ಕಡಿಯಲು, ಹಳೆಯದು ಕಿತ್ತು ಹಾಕಲು ರೆಸಿಪ್ರೊಕೇಟಿಂಗ್ ಸಾ, ಉದ್ದ ಬ್ಲೇಡ್ ಹಿಂದೆ ಮುಂದೆ ಆಡುವ ಗರಗಸ. ಅದರಿಂದ ಚಂದದ ಅಂಚು ಬಯಸಬೇಡಿ.

ಸರ್ಕ್ಯುಲರ್ ಸಾ ಬ್ಲೇಡಿನ ಮಾತಿಗೆ ಬರೋಣ. ಅಗ್ಗದ ಗರಗಸದ ಜೊತೆ ಬರುವ ಬ್ಲೇಡಿಗೆ ಸಾಮಾನ್ಯವಾಗಿ ಹಲ್ಲು ಕಡಿಮೆ, 24ರ ಆಸುಪಾಸು. ಮರ ಬೇಗ ಕೊಯ್ಯುತ್ತದೆ, ಆದರೆ ಪ್ಲೈವುಡ್‌ನಲ್ಲಿ ಚಕ್ಕೆ ಏಳಿಸುತ್ತದೆ. 40 ಹಲ್ಲಿನ, ತೆಳುವಾದ ಕಾರ್ಬೈಡ್ (ಗಟ್ಟಿ ಲೋಹದ ಹಲ್ಲಿನ) ಬ್ಲೇಡ್ ಒಂದನ್ನು ಹಾಕಿದರೆ ಅದೇ ಗರಗಸ ಬೇರೆಯೇ ಆಗುತ್ತದೆ. ತೆಳು ಬ್ಲೇಡ್ ಕಡಿಮೆ ಮರ ತಿನ್ನುತ್ತದೆ, ಮೋಟಾರಿಗೆ ಭಾರ ಕಡಿಮೆ, ಬ್ಯಾಟರಿಯೂ ಹೆಚ್ಚು ಹೊತ್ತು ಬರುತ್ತದೆ. ಸರ್ಕ್ಯುಲರ್ ಸಾ ಹಲ್ಲುಗಳು ಕೆಳಗಿನಿಂದ ಮೇಲಕ್ಕೆ ಕೊಯ್ಯುವುದರಿಂದ ಚಕ್ಕೆ ಏಳುವುದು ಮೇಲ್ಮೈಯಲ್ಲಿ. ಹಾಗಾಗಿ ಹಲಗೆಯ ಚಂದದ ಮುಖ ಕೆಳಗಿರಲಿ. ನೇರವಾದ ಒಂದು ಪಟ್ಟಿ, ಎರಡು ಕ್ಲಾಂಪ್ ಇದ್ದರೆ ಗೆರೆಯೂ ನೇರ ಬರುತ್ತದೆ. ಬ್ಲೇಡ್ ಬದಲಿಸುವಾಗ ಮಾತ್ರ ಬ್ಯಾಟರಿ ತೆಗೆದೇ ಕೈ ಹಾಕಿ.

ಒಳಗೆ ಉಜ್ಜುವ ಬ್ರಷ್ ಇಲ್ಲದ ಬ್ರಷ್‌ಲೆಸ್ ಮೋಟಾರ್ ಒಳ್ಳೆಯದೇ, ಒಂದೇ ಚಾರ್ಜಿನಲ್ಲಿ ಜಾಸ್ತಿ ಕೆಲಸ ಕೊಡುತ್ತದೆ. ಕೈಗೆಟುಕಿದರೆ ಸರಿ, ಇಲ್ಲದಿದ್ದರೂ ಅಪರೂಪದ ಮನೆಗೆಲಸಕ್ಕೆ ಬ್ರಷ್ ಮೋಟಾರ್ ನಡೆಯುತ್ತದೆ. ಅದಕ್ಕಿಂತ ಮುಖ್ಯ, ಮನೆಯಲ್ಲಿ ಈಗಾಗಲೇ ಡ್ರಿಲ್ ಇದ್ದರೆ ಅದೇ ಕಂಪನಿಯ, ಅದೇ ಬ್ಯಾಟರಿ ಕೂರುವ ಗರಗಸ ಕೊಳ್ಳುವುದು. ಒಂದು ಕಂಪನಿಯ ಬ್ಯಾಟರಿ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರುವುದಿಲ್ಲ. ಬ್ಯಾಟರಿ, ಚಾರ್ಜರ್ ಇಲ್ಲದ ಬರೀ ಗರಗಸವೂ ಸಿಗುತ್ತದೆ, ತುಂಬಾ ಅಗ್ಗ. ಇದ್ದ ಬ್ಯಾಟರಿ 2 ಆಂಪಿಯರ್-ಅವರ್‌ನದಾದರೆ, ಉಳಿದ ದುಡ್ಡಿನಲ್ಲಿ ಒಂದು 4ರದ್ದು ತೆಗೆದುಕೊಳ್ಳಿ.

ಕೆಲಸದ ಜಾಗದ ಪಕ್ಕದಲ್ಲೇ ಪ್ಲಗ್ ಇದೆಯಾ? ಹಾಗಿದ್ದರೆ ಬ್ಯಾಟರಿ ಯಾಕೆ ಸುಮ್ನೆ, ವೈರಿನ ಗರಗಸವೇ ಸಾಕು. ಅಷ್ಟೇ ದುಡ್ಡಿಗೆ ಹೆಚ್ಚು ಶಕ್ತಿ ಸಿಗುತ್ತದೆ. ಗೆಳೆಯರ ಮುಂದೆ ವೋಲ್ಟ್ ಹೇಳಿಕೊಳ್ಳಲು ಆಗುವುದಿಲ್ಲ, ಅಷ್ಟೇ ಅಲ್ವಾ?