ಹೊಳೆಯೋದನ್ನ ಮ್ಯಾಟ್ ಅಂತ ಮಾರಬೇಡಿ

ಈಗಷ್ಟೇ ಕಟಿಂಗ್ ಮಾಡಿಸಿಕೊಂಡು ಮನೆಗೆ ಬಂದೆ. ಸಿಟ್ಟು ಇನ್ನೂ ಇಳಿದಿಲ್ಲ, ಬರೆದೇ ಇಳಿಸಬೇಕು.

ಪಕ್ಕದ ಕುರ್ಚಿಯಲ್ಲಿ ಒಬ್ಬ ಹುಡುಗ ಕೂತಿದ್ದ. ಹೊಸದಾಗಿ ಕೆಲಸಕ್ಕೆ ಸೇರಿದ ವಯಸ್ಸು. ನಾಳೆ ಅಕ್ಕನ ನಿಶ್ಚಿತಾರ್ಥ ಅಂತ ಬಂದಾಗಿನಿಂದ ಹೇಳುತ್ತಲೇ ಇದ್ದ. "ಅಣ್ಣ, ಎಣ್ಣೆ ಹಚ್ಕೊಂಡಂಗೆ ಕಾಣಬಾರ್ದು. ಏನೂ ಹಾಕಿಲ್ಲ ಅನ್ನೋ ಥರ ಇರ್ಬೇಕು, ಆದ್ರೆ ನಿಂತಿರ್ಬೇಕು" ಅಂದ. ಪೊಮೇಡ್ ಅಂದರೆ ಕೂದಲು ನಿಲ್ಲಿಸಲು ಹಚ್ಚುವ ಮುಲಾಮು, ಮ್ಯಾಟ್ ಅಂದರೆ ಹೊಳಪಿಲ್ಲದ್ದು. ಮ್ಯಾಟ್ ಪೊಮೇಡ್ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ಈ ಎರಡು ವಾಕ್ಯ ಹೇಳಿದರೆ ಸಾಕು, ಅಷ್ಟು ಸರಿಯಾಗಿ ಕೇಳಿದ್ದ.

ಸಲೂನಿನವರು ಮಾಡಿದ್ದೇನು? ತಲೆ ತೊಳೆದು, ಟವೆಲ್‌ನಲ್ಲಿ ಎರಡು ಸಲ ಉಜ್ಜಿ, ಕಿವಿಯ ಹಿಂದೆ ನೀರು ಇಳಿಯುತ್ತಿರುವಾಗಲೇ ಡಬ್ಬಿಗೆ ಎರಡು ಬೆರಳು ಹಾಕಿ ದೊಡ್ಡ ಉಂಡೆ ತೆಗೆದು ನೇರ ಮುಂದಲೆಗೆ ಮೆತ್ತಿದರು. ಬೆರಳು ಸಲೀಸಾಗಿ ಇಳಿಯಿತು, ಬೆಣ್ಣೆಗೆ ಇಳಿದ ಹಾಗೆ. ಅಲ್ಲೇ ನನಗೆ ಅನುಮಾನ ಬಂತು. ಬಾಚಿ ಮುಗಿಸಿದಾಗ ಮೇಲಿನ ಟ್ಯೂಬ್‌ಲೈಟಿನ ಬಿಳಿ ಗೆರೆ ಆ ಹುಡುಗನ ಕೂದಲಿನ ಮೇಲೆ ಸ್ಪಷ್ಟವಾಗಿ ಬಿದ್ದಿತ್ತು. ಎಳೆಗಳು ನಾಲ್ಕೈದು ಒಟ್ಟಿಗೆ ಅಂಟಿ ಸಂದಿಯಲ್ಲಿ ನೆತ್ತಿಯ ಚರ್ಮ ಕಾಣುತ್ತಿತ್ತು. "ಮ್ಯಾಟ್ ಫಿನಿಶ್ ಸರ್, ಇಡೀ ದಿನ ಅಲ್ಲಾಡಲ್ಲ." 100 ಗ್ರಾಂ, 599 ರೂಪಾಯಿ. ಹುಡುಗ ಕನ್ನಡಿಯಲ್ಲಿ ಒಂದು ನಿಮಿಷ ನೋಡಿಕೊಂಡ, ಏನೋ ಕೇಳಬೇಕು ಅಂದುಕೊಂಡವನು ಕೇಳಲಿಲ್ಲ, ಫೋನ್ ತೆಗೆದು ದುಡ್ಡು ಹಾಕಿದ.

ಅವನು ಹೋದ ಮೇಲೆ ಅದೇ ಡಬ್ಬಿ ತಿರುಗಿಸಿ ಓದಿದೆ. ಮೊದಲು ನೀರು, ಆಮೇಲೆ ಪೆಟ್ರೋಲೇಟಮ್ (ಅಂದರೆ ವ್ಯಾಸಲೀನ್‌ನಂಥ ಪೆಟ್ರೋಲಿಯಂ ಜೆಲ್ಲಿ), ಆಮೇಲೆ ಮಿನರಲ್ ಆಯಿಲ್. ಹೊಳಪು ತಗ್ಗಿಸುವ ಜೇಡಿಮಣ್ಣು ಕಯೋಲಿನ್ ಇತ್ತು, ಎಲ್ಲಿ ಅಂದರೆ ಫೀನಾಕ್ಸಿಎಥನಾಲ್ ಆದ ಮೇಲೆ, ಕಟ್ಟಕಡೆಗೆ. ಮುಚ್ಚಳದ ಮೇಲೆ ಮಾತ್ರ ದಪ್ಪ ಅಕ್ಷರದಲ್ಲಿ ಮ್ಯಾಟ್ ಕ್ಲೇ ಅಂತ.

ಇದು ಯಾಕೆ ಮೋಸ ಅಂತ ಬಿಡಿಸಿ ಹೇಳುತ್ತೇನೆ. ನಮ್ಮ ದೇಶದ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ಶೇಕಡಾ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಗೆ ಅನ್ನೋ ಕ್ರಮದಲ್ಲೇ ಬರೆಯಬೇಕು. ಶೇಕಡಾ 1 ಮತ್ತು ಅದಕ್ಕಿಂತ ಕಡಿಮೆ ಇರುವುದನ್ನು ಕೊನೆಗೆ ಹೇಗೆ ಬೇಕಾದರೂ ಜೋಡಿಸಬಹುದು. ಫೀನಾಕ್ಸಿಎಥನಾಲ್ ಅನ್ನುವುದು ಕೆಡದಂತೆ ಹಾಕುವ ರಾಸಾಯನಿಕ, ಅದನ್ನು ಶೇಕಡಾ 1ಕ್ಕಿಂತ ಹೆಚ್ಚು ಹಾಕುವಂತಿಲ್ಲ. ಹಾಗಾದರೆ ಪಟ್ಟಿಯಲ್ಲಿ ಅದರ ನಂತರ ಬರುವ ಯಾವುದೂ 100 ಗ್ರಾಂ ಡಬ್ಬಿಯಲ್ಲಿ 1 ಗ್ರಾಂ ದಾಟುವುದಿಲ್ಲ. ಅಷ್ಟು ಜೇಡಿಮಣ್ಣು ಹಾಕಿ, ಅದರ ಹೆಸರಲ್ಲೇ ಡಬ್ಬಿ ಮಾರುತ್ತಿದ್ದಾರೆ. ಉಳಿದದ್ದರಲ್ಲಿ ಹೆಚ್ಚಿನದು ನೀರು, ವ್ಯಾಸಲೀನ್, ಎಣ್ಣೆ. ಅದು ಹೊಳೆಯದೆ ಇನ್ನೇನು ಮಾಡುತ್ತದೆ?

ನನ್ನನ್ನು ಬಲ್ಲವರಿಗೆ ಈ ಸಿಟ್ಟು ಎಲ್ಲಿಂದ ಬಂತು ಅಂತ ಗೊತ್ತು. ತಿಪಟೂರಿನಲ್ಲಿ ಅಪ್ಪನ ಕಟಿಂಗ್ ಶಾಪಿನ ಬೆಂಚಿನ ಮೇಲೆ ಹೋಂವರ್ಕ್ ಬರೆದು ಬೆಳೆದವನು ನಾನು. ಅಲ್ಲಿ ಕನ್ನಡಿಯ ಕೆಳಗೆ ಸ್ನೋ, ಪೌಡರ್, ಸ್ಫಟಿಕದ ಕಲ್ಲು, ಜೊತೆಗೆ ಬ್ರಿಲ್‌ಕ್ರೀಮ್. 1928ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಹುಟ್ಟಿದ ಸರಕು ಅದು. ನೀರು ಮತ್ತು ಮಿನರಲ್ ಆಯಿಲನ್ನು ಜೇನುಮೇಣದಿಂದ ಹಿಡಿದಿಟ್ಟ ಬಿಳಿ ಕ್ರೀಮು. ಕ್ರಿಕೆಟಿಗ ಡೆನಿಸ್ ಕಾಂಪ್ಟನ್ ಅದರ ಜಾಹೀರಾತಿನ ಮುಖವಾಗಿದ್ದವರು. ಅದು ಹೊಳೆಯುತ್ತಿತ್ತು, ಹೊಳೆಯಲಿ ಅಂತಲೇ ಜನ ಹಾಕಿಸಿಕೊಳ್ಳುತ್ತಿದ್ದರು. ಅಪ್ಪ ಅದನ್ನು ಹೊಳಪಿಗೆ ಅಂತಲೇ ಹೇಳಿ ಹಚ್ಚುತ್ತಿದ್ದರು. ಹೊಳಪಿನ ಮೇಲೆ ನನಗೆ ಯಾವ ದ್ವೇಷವೂ ಇಲ್ಲ. ಪಕ್ಕ ಬೈತಲೆ ತೆಗೆದು ನೀಟಾಗಿ ಬಾಚಿ, ಮದುವೆ ಸೂಟಿನ ಜೊತೆ ಮಿರಮಿರ ಹೊಳೆಯುವ ತಲೆ ಚೆನ್ನಾಗೇ ಕಾಣುತ್ತದೆ. ಹೊಳೆಯಬಾರದು ಅಂತ ಬಾಯಿಬಿಟ್ಟು ಹೇಳಿದವನಿಗೆ ಹೊಳೆಯುವುದನ್ನೇ ಹಚ್ಚಿ ಮ್ಯಾಟ್ ಅನ್ನುವುದು ಬೇರೆ.

ಹೊಳಪು ಬರುವುದು ಹೇಗೆ? ಕೂದಲಿನ ಮೇಲ್ಮೈ ಮೇಲೆ ಎಣ್ಣೆ ನುಣ್ಣಗೆ ಹರಡಿದಾಗ ಬೆಳಕು ಒಂದೇ ದಿಕ್ಕಿಗೆ ಮರಳುತ್ತದೆ, ಅದೇ ಮಿಂಚು. ಕಯೋಲಿನ್, ಬೆಂಟೊನೈಟ್‌ನಂಥ ಜೇಡಿಮಣ್ಣು, ಸಿಲಿಕಾ, ಮರಗೆಣಸಿನ ಪಿಷ್ಟ ಇವುಗಳ ಸಣ್ಣ ಕಣಗಳು ಕೂದಲಿನ ಮೇಲೆ ಕೂತರೆ ಮೇಲ್ಮೈ ಒರಟಾಗುತ್ತದೆ, ಬೆಳಕು ಹತ್ತು ದಿಕ್ಕಿಗೆ ಚದುರುತ್ತದೆ. ಆ ಒರಟುತನದಿಂದಲೇ ಎಳೆಗೆ ಎಳೆ ಕಚ್ಚಿಕೊಂಡು ನಿಲ್ಲುವುದು. ಹಿಡಿತಕ್ಕೆ ಜೇನುಮೇಣ ಬೇಕು. ಅದು ಕರಗುವುದು 62ರಿಂದ 64 ಡಿಗ್ರಿ ಸೆಲ್ಸಿಯಸ್‌ಗೆ, ಅಂದರೆ ಏಪ್ರಿಲ್ ಬಿಸಿಲಿಗೂ ತಲೆಯ ಮೇಲೆ ಹರಿಯುವುದಿಲ್ಲ. ಪೆಟ್ರೋಲಿಯಂ ಜೆಲ್ಲಿ ಹಾಗಲ್ಲ, ಮೈಬಿಸಿಗೇ ಮೆದುವಾಗುತ್ತದೆ. ಬೆಳಿಗ್ಗೆ ನಿಂತ ಕ್ರಾಪು ಮಧ್ಯಾಹ್ನಕ್ಕೆ ಹಣೆಗೆ ಬಂದು ಬೀಳುವುದು ಇದರಿಂದಲೇ.

ಒಳ್ಳೆಯ ಮ್ಯಾಟ್ ಪೊಮೇಡ್ ಡಬ್ಬಿಯಲ್ಲೇ ಗುರುತು ಸಿಗುತ್ತದೆ. ಬೆರಳು ಸಲೀಸಾಗಿ ಇಳಿಯುವುದಿಲ್ಲ, ಹೆಬ್ಬೆರಳಿನ ಉಗುರಿನ ಹಿಂಬದಿಯಿಂದ ಕೆರೆದು ತೆಗೆಯಬೇಕು. ಕೆರೆದ ಜಾಗ ಮಂಕಾಗಿರುತ್ತದೆ. ಕಡಲೆಕಾಳಿನಷ್ಟು ತೆಗೆದು ಎರಡೂ ಅಂಗೈ ಬಿಸಿಯಾಗುವಂತೆ ಉಜ್ಜಿದರೆ ಮೊದಲು ಗಂಟುಗಂಟಾಗಿ, ಆಮೇಲೆ ತೆಳ್ಳಗೆ ಹರಡಿ ಕಣ್ಣಿಗೆ ಕಾಣದಂತಾಗುತ್ತದೆ. ಕೈ ಒಣಗಿದ ಹಾಗಿರುತ್ತದೆ, ಸ್ವಲ್ಪ ಜಗ್ಗುತ್ತದೆ, ಜಿಡ್ಡು ಅನಿಸುವುದಿಲ್ಲ. ಅದನ್ನು ಪೂರ್ತಿ ಒಣಗಿದ ಕೂದಲಿಗೆ, ಮೊದಲು ಹಿಂದಲೆಗೆ, ಕೊನೆಯಲ್ಲಿ ಮುಂದಲೆಗೆ, ಬುಡದಿಂದ ತುದಿಗೆ ಕೈಯಾಡಿಸಬೇಕು. ಒದ್ದೆ ಕೂದಲಿಗೆ ಮೇಣ ಹಿಡಿಯುವುದಿಲ್ಲ, ನೀರಿನ ಮೇಲೆ ಜಾರಿ ಅಲ್ಲಲ್ಲಿ ಮುದ್ದೆಯಾಗುತ್ತದೆ. ಆಕಾರ ಕೊಡುವ ಕೆಲಸ ಅದಕ್ಕೂ ಮೊದಲು, ಒದ್ದೆಯಿಂದ ಒಣಗುವ ಹೊತ್ತಿನಲ್ಲಿ. ನೀರು ತಾಗಿದಾಗ ಕೂದಲೊಳಗಿನ ಹೈಡ್ರೋಜನ್ ಬಂಧಗಳು ಸಡಿಲವಾಗಿ, ಒಣಗುತ್ತಾ ಹೊಸ ಆಕಾರದಲ್ಲಿ ಕೂರುತ್ತವೆ. ಡ್ರೈಯರ್ ಹಿಡಿದು ಬೆರಳಲ್ಲಿ ಎತ್ತಿ ಒಣಗಿಸಿದರೆ ಅರ್ಧ ಸ್ಟೈಲ್ ಅಲ್ಲೇ ಮುಗಿಯಿತು. ಇದನ್ನು ಆ ಹುಡುಗನಿಗೆ ಹೇಳಲು ಎಷ್ಟು ಹೊತ್ತು ಬೇಕಿತ್ತು? ಬಿಲ್ ಮಾಡುವಷ್ಟು ಹೊತ್ತೂ ಬೇಕಿರಲಿಲ್ಲ.

ಇದು ಬರೀ ಚಂದದ ಮಾತಲ್ಲ, ನನಗಂತೂ ಅಲ್ಲ. ಹೇಳಿಬಿಡುತ್ತೇನೆ, ನನ್ನ ನೆತ್ತಿಯ ಕೂದಲು ತೆಳುವಾಗುತ್ತಿದೆ. ಲಿಫ್ಟಿನ ಕ್ಯಾಮೆರಾದಲ್ಲಿ ಮೇಲಿನಿಂದ ನನ್ನ ತಲೆ ನೋಡಿದ ದಿನ ಮನಸ್ಸಿಗೆ ತುಂಬ ನೋವಾಗಿತ್ತು, ಮನೆಯಲ್ಲೂ ಹೇಳಿರಲಿಲ್ಲ. ಮ್ಯಾಟ್ ಹುಡುಕಿಕೊಂಡು ಹೋಗುವವರಲ್ಲಿ ಇಂಥವರೇ ಬಹಳ. ಜಿಡ್ಡಿನ ಪದಾರ್ಥ ಎಳೆಗಳನ್ನು ಗುಂಪುಗುಂಪಾಗಿ ಅಂಟಿಸಿ ನೆತ್ತಿಯನ್ನು ಇನ್ನಷ್ಟು ತೋರಿಸುತ್ತದೆ. ಜೇಡಿಮಣ್ಣಿನದು ಎಳೆಗಳನ್ನು ಬಿಡಿಸಿ, ಒಂದೊಂದನ್ನೂ ಕೊಂಚ ದಪ್ಪ ಕಾಣಿಸಿ, ಇದ್ದ ಕೂದಲನ್ನೇ ತುಂಬಿಕೊಂಡಂತೆ ಮಾಡುತ್ತದೆ. ಕೂದಲು ಬೆಳೆಸುವ ಶಕ್ತಿ ಯಾವ ಪೊಮೇಡಿಗೂ ಇಲ್ಲ, ಹಾಗೆ ಹೇಳುವವರನ್ನು ನಂಬಬೇಡಿ. ಆದರೆ ಬೆಳಿಗ್ಗೆ ಆಫೀಸಿಗೆ ಹೊರಟವನಿಗೆ ಒಂದಷ್ಟು ಧೈರ್ಯ ಸಿಗುತ್ತದೆ. ಆ ಧೈರ್ಯಕ್ಕೆ ದುಡ್ಡು ಕೊಟ್ಟವನಿಗೆ ಮ್ಯಾಟ್ ಅಂತ ಎಣ್ಣೆ ಕೊಟ್ಟು ಕಳಿಸಿದರೆ ನನಗೆ ಸಹಿಸಲಾಗುವುದಿಲ್ಲ.

"ತಿಪಟೂರಿನವನಾಗಿ ಕೊಬ್ಬರಿ ಎಣ್ಣೆ ಬಿಟ್ಟು ಇದೆಲ್ಲ ಯಾಕಪ್ಪ" ಅಂತ ಚಿಕ್ಕಪ್ಪ ಪ್ರತಿ ಹಬ್ಬಕ್ಕೂ ಕೇಳುತ್ತಾರೆ. ಕೊಬ್ಬರಿ ಎಣ್ಣೆ ಕೂದಲಿನ ಪೋಷಣೆಗೆ ಒಳ್ಳೆಯದೇ, ನಾನೂ ಭಾನುವಾರ ಹಚ್ಚುತ್ತೇನೆ. ಆದರೆ ಅದು 24 ಡಿಗ್ರಿ ಹೊತ್ತಿಗೆ ಕರಗುವ ವಸ್ತು, ಅದಕ್ಕೆ ನಿಲ್ಲಿಸುವ ಗುಣ ಇಲ್ಲ. ಗಂಡಸಿಗೆ ಯಾಕೆ ಅನ್ನುವವರಿಗೆ ಉತ್ತರ ಕೊಡುವಷ್ಟು ತಾಳ್ಮೆ ನನಗಿಲ್ಲ, ಅಪ್ಪನ ಅಂಗಡಿಯಲ್ಲಿ ಕನ್ನಡಿ ಮುಂದೆ ಅತಿ ಹೆಚ್ಚು ಹೊತ್ತು ನಿಲ್ಲುತ್ತಿದ್ದವರು ಅಂಥ ಹಿರಿಯರೇ.

ಇನ್ನೊಂದು ವಾದ ಸ್ವಲ್ಪ ತೂಕದ್ದು. ಸಲೂನಿನ ಹುಡುಗರಿಗೆ ಸಂಬಳ ಕಡಿಮೆ, ಡಬ್ಬಿ ಮಾರಿದರೆ ಕಮಿಷನ್, ಮಾಲೀಕರ ಟಾರ್ಗೆಟ್ ಬೇರೆ, ಅವರನ್ನು ಬೈದು ಏನು ಪ್ರಯೋಜನ ಅಂತ ಗೆಳೆಯನೊಬ್ಬ ಫೋನಿನಲ್ಲಿ ಈಗ ತಾನೇ ಹೇಳಿದ. ನಿಜ. ದಿನವಿಡೀ ನಿಂತು ಕತ್ತರಿ ಆಡಿಸುವವರ ಕಾಲುನೋವು ನನಗೆ ಗೊತ್ತು, ರಾತ್ರಿ ಅಪ್ಪನ ಕಾಲಿಗೆ ಎಣ್ಣೆ ತಿಕ್ಕಿದ ಕೈ ಇದು. ಆದರೆ ಸರಿಯಾದ ಡಬ್ಬಿ ಮಾರಿದರೂ ಕಮಿಷನ್ ಬರುತ್ತದಲ್ಲ? ಒಣ ಕೂದಲಿಗೆ ಹಚ್ಚಿ ಅಂತ ಹೇಳಿದರೆ ಯಾರ ಸಂಬಳವೂ ಕಡಿತವಾಗುವುದಿಲ್ಲ. ಕೆಲಸ ಬಲ್ಲವನ ಮಾತನ್ನು ನಂಬಿ ಜನ ತಲೆ ಬಗ್ಗಿಸಿ ಕೂರುತ್ತಾರೆ, ಕುತ್ತಿಗೆಗೆ ಕತ್ತಿ ಹಿಡಿಯಲು ಬಿಡುತ್ತಾರೆ. ಆ ನಂಬಿಕೆಗೆ ಬೆಲೆ ಕೊಡಲೇಬೇಕು.

ನೆಟ್‌ನಲ್ಲಿ ರಿವ್ಯೂ ಮಾಡುವವರದ್ದೂ ಇದೇ ಕಥೆ. ಹಚ್ಚಿದ ಎರಡು ನಿಮಿಷಕ್ಕೆ, ರಿಂಗ್ ಲೈಟಿನ ಮುಂದೆ, ಹತ್ತಕ್ಕೆ ಒಂಬತ್ತು ಅಂಕ. ಎರಡು ನಿಮಿಷಕ್ಕೆ ನೀರು ಹಚ್ಚಿದರೂ ಕೂದಲು ನಿಲ್ಲುತ್ತದೆ. ಪೊಮೇಡಿಗೆ ಅಂಕ ಕೊಡಬೇಕಾದದ್ದು ಸಾಯಂಕಾಲ. ನಮ್ಮೂರುಗಳಲ್ಲಿ ಅದಕ್ಕೆ ಸರಿಯಾದ ಪರೀಕ್ಷೆ ಹೆಲ್ಮೆಟ್. 2016ರ ಜನವರಿಯಿಂದ ಕರ್ನಾಟಕದಲ್ಲಿ ಹಿಂದೆ ಕೂರುವವರಿಗೂ ಹೆಲ್ಮೆಟ್ ಕಡ್ಡಾಯ, ಹಾಗಾಗಿ ಬೈಕಲ್ಲಿ ಓಡಾಡುವ ಯಾರ ಕ್ರಾಪಿಗೂ ವಿನಾಯಿತಿ ಇಲ್ಲ. ಜೆಲ್ ಗಟ್ಟಿ ಪದರವಾಗಿ ಒಣಗುತ್ತದೆ, ಹೆಲ್ಮೆಟ್ ಒತ್ತಿದರೆ ಮುರಿದು ಹೊಟ್ಟಿನಂತೆ ಉದುರುತ್ತದೆ. ಮೇಣ, ಜೇಡಿಮಣ್ಣಿನ ಪೊಮೇಡ್ ಗಟ್ಟಿಯಾಗುವುದಿಲ್ಲ. ಹೆಲ್ಮೆಟ್ ತೆಗೆದು ಬುಡದಲ್ಲಿ ಬೆರಳಾಡಿಸಿದರೆ ಮತ್ತೆ ಏಳಬೇಕು. ಏಳದಿದ್ದರೆ ಮುಚ್ಚಳದ ಮೇಲೆ ಏನೇ ಬರೆದಿರಲಿ, ಅದು ಫೇಲ್. ನೆತ್ತಿಯ ಜಿಡ್ಡು ಸೇರಿ ಸಂಜೆಗೆ ಸ್ವಲ್ಪ ಹೊಳಪು ಎಲ್ಲದಕ್ಕೂ ಬರುತ್ತದೆ, ಆ ಜಿಡ್ಡನ್ನು ಮಣ್ಣು ಎಷ್ಟು ಹೀರಿಕೊಂಡಿತು ಅನ್ನುವುದರಲ್ಲೇ ಒಳ್ಳೆಯದು ಕೆಟ್ಟದ್ದು ಬೇರೆಯಾಗುವುದು.

ಕೊನೆಯ ಅಂಕ ಬಚ್ಚಲುಮನೆಯಲ್ಲಿ. ಗಟ್ಟಿ ಹಿಡಿತದ ಮೇಣದ ಪೊಮೇಡ್ ಒಂದೇ ಶಾಂಪೂಗೆ ಹೋಗುವುದಿಲ್ಲ, ಅದರಲ್ಲೂ ಬೋರ್‌ವೆಲ್ಲಿನ ಗಡಸು ನೀರಿನಲ್ಲಿ. ಇಲ್ಲಿ ಚಿಕ್ಕಪ್ಪನ ಕೊಬ್ಬರಿ ಎಣ್ಣೆ ಕೆಲಸಕ್ಕೆ ಬರುತ್ತದೆ. ನೀರು ಸೋಕಿಸುವ ಮೊದಲು ಒಣ ಕೂದಲಿಗೆ ಸ್ವಲ್ಪ ಎಣ್ಣೆ ತಿಕ್ಕಿ, ಮೇಣ ಸಡಿಲವಾದ ಮೇಲೆ ಶಾಂಪೂ ಹಾಕಿ. ತೊಳೆಯದೆ ಮಲಗಬೇಡಿ. ಹಣೆಯಂಚಿನಲ್ಲಿ ಸಣ್ಣ ಗುಳ್ಳೆ ಏಳುವುದಕ್ಕೆ ಚರ್ಮವೈದ್ಯರು 1970ರಷ್ಟು ಹಿಂದೆಯೇ ಪೊಮೇಡ್ ಮೊಡವೆ ಅಂತ ಹೆಸರಿಟ್ಟು ಬರೆದಿದ್ದಾರೆ. ಹಚ್ಚುವಾಗ ಹಣೆಯ ಚರ್ಮಕ್ಕೆ ತಾಗಿಸಬೇಡಿ, ತಾಗಿದರೆ ಒರೆಸಿಕೊಳ್ಳಿ.

ಯಾವ ಬ್ರ್ಯಾಂಡ್ ಅಂತ ಇನ್‌ಬಾಕ್ಸಿನಲ್ಲಿ ಕೇಳುತ್ತೀರಿ, ಹೇಳುವುದಿಲ್ಲ. ಕಂಪನಿಗಳು ಅದೇ ಮುಚ್ಚಳದ ಕೆಳಗೆ ಫಾರ್ಮುಲಾ ಬದಲಿಸುತ್ತವೆ, ಇವತ್ತು ನಾನು ಹೊಗಳಿದ್ದು ಮುಂದಿನ ವರ್ಷ ಎಣ್ಣೆಯಾಗಿರಬಹುದು. ಡಬ್ಬಿ ತಿರುಗಿಸಿ ಓದಿ. ಜೇನುಮೇಣವೂ ಕಯೋಲಿನ್, ಬೆಂಟೊನೈಟ್, ಸಿಲಿಕಾಗಳಲ್ಲಿ ಒಂದಾದರೂ ಫೀನಾಕ್ಸಿಎಥನಾಲ್‌ನಂಥ ಸಂರಕ್ಷಕಗಳಿಗಿಂತ ಮುಂಚೆ, ಪಟ್ಟಿಯ ಮೇಲ್ಭಾಗದಲ್ಲಿ ಇರಬೇಕು. ಪೆಟ್ರೋಲೇಟಮ್, ಮಿನರಲ್ ಆಯಿಲ್ ಮೊದಲ ಮೂರರಲ್ಲಿದ್ದರೆ ವಾಪಸ್ ಇಡಿ. ತೀರ ಚಿಕ್ಕ ಪ್ಯಾಕಿನ ಮೇಲೆ ಪಟ್ಟಿ ಇಲ್ಲದಿದ್ದರೆ ದೊಡ್ಡ ಡಬ್ಬಿ ತರಿಸಿ ಓದಿ, ಆಮೇಲೆ ಚಿಕ್ಕದನ್ನೇ ಕೊಳ್ಳಿ. ಸಲೂನಿನಲ್ಲಿ ಹಚ್ಚಿಸಿಕೊಂಡ ದಿನವೇ ದುಡ್ಡು ಕೊಡಬೇಡಿ, "ಸಂಜೆ ನೋಡಿ ನಾಳೆ ಬರ್ತೀನಿ" ಅಂತ ಮುಲಾಜಿಲ್ಲದೆ ಹೇಳಿ.

ಮಂಗಳೂರು, ಉಡುಪಿ, ಕಾರವಾರದ ಗೆಳೆಯರೇ, ಇದೆಲ್ಲ ಬಯಲುಸೀಮೆಯ ಒಣ ಗಾಳಿಯ ಲೆಕ್ಕ. ನಿಮ್ಮ ಕಡಲ ತೇವದಲ್ಲಿ ಕೂದಲು ನೀರು ಹೀರಿ ಮತ್ತೆ ಬಾಗುತ್ತದೆ, ಅಲ್ಲಿ ಮೇಣ ಜಾಸ್ತಿ ಇರುವುದೇ ಬೇಕಾದೀತು. ಮಳೆಗಾಲದಲ್ಲಿ ನಿಮ್ಮಲ್ಲಿ ಯಾವುದು ಸಂಜೆಯವರೆಗೆ ತಡೆಯಿತು, ಅದರ ಪದಾರ್ಥಪಟ್ಟಿಯ ಫೋಟೋ ಸಮೇತ ಕೆಳಗೆ ಹಾಕಿ.