ಹರಿದದ್ದು ಒಂದೇ ಟೈರು

ಕಲಬುರಗಿಯಲ್ಲಿ ಆಲ್ ವ್ಹೀಲ್ ಡ್ರೈವ್, ಅಂದರೆ ಎಂಜಿನ್ ನಾಲ್ಕೂ ಗಾಲಿ ತಿರುಗಿಸುವ ಕಾರು ಕೊಳ್ಳಲು ಸಿಗುವ ನೆಪ ಒಂದೇ: ಎರಿ ಮಣ್ಣು. ಮಳೆ ಹನಿದ ಮೇಲೆ ಹೊಲದ ದಾರಿ ಹಿಡಿದವರಿಗೆ ಅದರ ಮಹಿಮೆ ಗೊತ್ತು. ಈ ನೆಪ ಹೇಳಿಯೇ ನಾವೂ ಕೊಂಡೆವು. ಅದು ಹೊಲಕ್ಕೆ ಎಷ್ಟು ಸಲ ಹೋಗಿದೆ ಎಂದು ಮಾತ್ರ ಯಾರೂ ಕೇಳಬಾರದು. ಉಳಿದ ದಿನಗಳಲ್ಲಿ ಸೂಪರ್ ಮಾರ್ಕೆಟ್ ಗದ್ದಲದೊಳಗೆ, ನಾಲ್ಕೂ ಗಾಲಿಗಳ ಪೂರ್ಣ ಶಕ್ತಿಯೊಂದಿಗೆ, ಆಟೋದ ಹಿಂದೆ ನಿಂತಿರುತ್ತದೆ.

ಕೆಸರು ಅದಕ್ಕೇನೂ ಮಾಡಲಿಲ್ಲ. ಮಾಡಿದ್ದು ಯಾರೋ ಮನೆ ಕಟ್ಟಲು ರಸ್ತೆ ಬದಿ ಇಳಿಸಿದ್ದ ಶಹಾಬಾದ್ ಫರಸಿ ಕಲ್ಲು. ಅದರ ಮೂಲೆ ತಾಗಿ ಹಿಂದಿನ ಟೈರಿನ ಪಕ್ಕೆ ಸೀಳಿತು. ನೆಲ ಮುಟ್ಟುವ ಕಡೆ ಮೊಳೆ ಹೊಕ್ಕರೆ ಪಂಚರ್ ತಿದ್ದಿಸಬಹುದು, ಪಕ್ಕೆ ಹೋದರೆ ಟೈರೇ ಹೋಯಿತು.

"ಒಂದು ಟೈರ್ ತಂದ್ರ ಆಯ್ತಲ್ರಿ" ಎಂದಳು ಮನೆಯಾಕೆ. ಈ ಜಾತಿಯ ಕಾರಿನ ಸೊಕ್ಕು ಇರುವುದೇ ಇಲ್ಲಿ. ನಮ್ಮದು 215/60 ಆರ್ 17 ಅಳತೆ. ಹೊಸ ಟೈರಿನ ಎತ್ತರ ಸುಮಾರು 690 ಮಿ.ಮೀ. ಉಳಿದ ಮೂರರ ಗ್ರಿಪ್ 3 ಮಿ.ಮೀ. ಸವೆದಿತ್ತು. ಸಣ್ಣದಾದ ಗಾಲಿ ಹೊಸದರ ಜೊತೆ ಓಡಬೇಕಾದರೆ ಕಿಲೋಮೀಟರಿಗೆ ನಾಲ್ಕು ಸುತ್ತು ಹೆಚ್ಚು ಹಾಕಬೇಕು. ಬೀದರ ಮುಟ್ಟುವಷ್ಟರಲ್ಲಿ ನಾಲ್ಕು ನೂರಕ್ಕೂ ಮೇಲೆ ಸುತ್ತಿನ ತಕರಾರು. ಅದನ್ನು ಬಿಡಿಸುತ್ತಾ ಬಿಡಿಸುತ್ತಾ ಗಾಲಿಗಳಿಗೆ ಶಕ್ತಿ ಹಂಚುವ ಒಳಗಿನ ಡಿಫರೆನ್ಷಿಯಲ್, ಕ್ಲಚ್ ಕಾದು ಸವೆಯುತ್ತವೆ. ಆಮೇಲೆ ಬರುವ ಬಿಲ್ಲಿನ ಮುಂದೆ ಟೈರಿನ ಬಿಲ್ಲು ಚಿಲ್ಲರೆ. ಹಾಗಾಗಿ ನಾಲ್ಕೂ ಹೊಸವು.

ಊರಿನಿಂದ ಬಂದಿದ್ದ ಕಾಕಾ ಇದನ್ನು ಒಪ್ಪಲಿಲ್ಲ. "ನನ್ನ ಟ್ರ್ಯಾಕ್ಟರಿಗೆ ಮುಂದಿನವು ಸಣ್ಣವು, ಹಿಂದಿನವು ಎದಿಮಟ ಅವ. ಅದೂ ನಾಲ್ಕೂ ಗಾಲಿಲಿಂದ ಎಳೀತದ. ಏನಾಗ್ಯದ ಅದಕ್ಕ?"

ಅದರ ಮುಂದಿನ ಗಾಲಿಗೆ ಬೇರೆ ಲೆಕ್ಕದ ಗೇರ್ ಕೂಡಿಸಿರುತ್ತಾರೆ, ಡಾಂಬರಿನ ಮೇಲೆ ಅದನ್ನು ಬಿಡಿಸಿ ಓಡಿಸಬೇಕು ಎಂದೆಲ್ಲ ವಿವರಿಸಿದೆ. "ಇದಕ್ಕ ನಾಲ್ಕೂ ಒಂದೇ ಸೆಟ್ ಇರಬೇಕ್ರಿ ಕಾಕಾ. ಸೆಟ್ ಒಡೀಬಾರದು." ನನ್ನ ಓದಿಗೆ ದುಡ್ಡು ಸುರಿದ ತಮ್ಮ ಅಣ್ಣನನ್ನು ನೆನೆದು ಕಾಕಾ ಸುಮ್ಮನಾದರು.

ಅಂಗಡಿಯಲ್ಲಿ ಮಗನ ಕಣ್ಣು ಬಿಳಿ ಅಕ್ಷರದ ಎ.ಟಿ., ಅಂದರೆ ಎಲ್ಲ ಬಗೆಯ ನೆಲಕ್ಕೂ ಮಾಡಿದ ಆಲ್ ಟೆರೇನ್ ಟೈರಿನ ಮೇಲೆ. ಅದರ ಪಕ್ಕೆಯಲ್ಲಿ ಎಂ ಪ್ಲಸ್ ಎಸ್ ಗುರುತು, ಅಂದರೆ ಕೆಸರಿಗೂ ಹಿಮಕ್ಕೂ ನಡೆಯುತ್ತದಂತೆ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರಿನಲ್ಲಿ ಹಿಮ! ಮೇಲಾಗಿ ಡಾಂಬರಿನ ಮೇಲೆ ಗುಂಯ್ ಎನ್ನುವ ಸದ್ದು, ಮೈಲೇಜಿಗೂ ಪೆಟ್ಟು. ಸಾದಾ ಹೈವೇ ಟೈರನ್ನೇ ಹೇಳಿದೆ. ಎರಿ ಮಣ್ಣು ಮೆತ್ತಿಕೊಂಡ ಮೇಲೆ ಎಂಥ ಗ್ರಿಪ್ಪೂ ನುಣ್ಣಗಾಗುತ್ತದೆ ಎಂಬ ಸತ್ಯವನ್ನು ಮನೆಯಾಕೆಯ ಎದುರು ಆಡಲಿಲ್ಲ. ಕಾರು ಕೊಂಡ ನೆಪವೇ ಬಿದ್ದುಹೋಗುತ್ತಿತ್ತು.

ಚಹಾ ಕುಡಿದು ಬರುವಷ್ಟರಲ್ಲಿ ಹುಡುಗ ನಾಲ್ಕನ್ನೂ ಏರಿಸಿದ್ದ. ಟೈರು ತಯಾರಾದ ವಾರ, ವರ್ಷ ನಾಲ್ಕು ಅಂಕಿಯಲ್ಲಿ ಅದರ ಮೇಲೆಯೇ ಇರುತ್ತದೆ: 1425 ಎಂದರೆ 2025ರ 14ನೇ ವಾರ. ಮೂರರಲ್ಲಿ ಅದೇ ಕಂಡಿತು. ಒಂದರ ಅಂಕಿ ಒಳಮುಖವಾಗಿತ್ತು. ಪೇಪರ್ ಹಾಸಿ, ಮೊಬೈಲ್ ಬೆಳಕು ಹಿಡಿದು ಕಾರಿನ ಕೆಳಗೆ ತೂರಿದೆ. ಹೊರಗೆ ಕಾಲುಗಳು ಸೇರತೊಡಗಿದವು.

"ಏನ್ ಕಳಕೊಂಡೀರಿ ಸರ?"

"ತಾರೀಖು."

ಸಿಕ್ಕಿತು: 3122. ಮಾಲೀಕರು ಅಳುಕಲಿಲ್ಲ. "ಟೈರು ಅಕ್ಕಿ ಇದ್ದಂಗ್ರಿ ಸರ, ಹಳೇದಾದಷ್ಟು ಛಲೋ." ಆದರೂ ನೆರೆದ ಜನರನ್ನು ನೋಡಿ ಗೋದಾಮಿನಿಂದ ಇನ್ನೊಂದು ತರಿಸಿದರು.

ಮರುದಿನ ಕಾಕಾ ಟ್ರಾಲಿ ತಂದು ಹಳೆಯ ಮೂರನ್ನೂ ಏರಿಸಿಕೊಂಡರು, ಮೂರು ಗಾಲಿಯ ಟಂಟಂ ಇಟ್ಟ ಯಾರಿಗೋ ಕೊಡುತ್ತಾರೇನೋ ಅಂದುಕೊಂಡೆ. ಹೊರಡುವ ಮುಂಚೆ ತಿರುಗಿ ಕೇಳಿದರು: "ನಾಲ್ಕನೇದು ಎಲ್ಲದ?"

"ಅದು ಹರದದ ಕಾಕಾ, ಗುಜರಿಗೆ ಹೋಯ್ತು."

"ಸೆಟ್ ಒಡೀಬಾರದು ಅಂದಾಂವ ನೀನೇ ಅಲ್ಲೇನು? ಒಂದು ತರಿಸಿಡು. ಹೊಸದಾದ್ರೂ ನಡೀತದ."